ಕಳವಾದ ‘ಅಂತೆ’

ಹಲಸೂರಿನ ಕನ್ನಡ ಮೇಷ್ಟ್ರು ಮುನಿನಾರಾಯಣಪ್ಪನವರಿಗೆ ಮೂಗಿನ ತುದಿಯಲ್ಲೇ ಕೋಪ. ನಲವತ್ತೆರಡರ ಸ್ವಾತಂತ್ರ್ಯ ಚಳವಳಿಯ ಹೊತ್ತಿನಲ್ಲಿ ಆ ಕೋಪ ಅವರನ್ನು ಪೊಲೀಸ್ ಠಾಣೆಯವರೆಗೂ ಎಳೆದುಕೊಂಡು ಹೋಯಿತು.

ಅವರ ಹಳೆಯ ಶಿಷ್ಯ, ಜೋಗುಪಾಳ್ಯದ ಸಂಜೀವಪ್ಪ, ‘ಈ ಆಳ್ವಿಕೆಯನ್ನು ಒಣಹುಲ್ಲಿನಂತೆ ಸುಡೋಣ’ ಎಂದು ಕರಪತ್ರ ಬರೆದಿದ್ದ. ಅದೇ ವಾರ ದಂಡಿನ ಕುದುರೆಗಳ ಹುಲ್ಲಿನ ಬಣವೆಗೆ ಬೆಂಕಿ ಬಿತ್ತು. ಠಾಣೆಯ ಭಾಷಾಂತರಕಾರ ಆ ಸಾಲನ್ನು ಇಂಗ್ಲಿಷಿಗೆ ಇಳಿಸುವಾಗ ಆಳ್ವಿಕೆಯನ್ನೂ ‘ಅಂತೆ’ಯನ್ನೂ ನುಂಗಿ, ‘ಒಣಹುಲ್ಲು ಸುಡೋಣ’ ಎಂದಷ್ಟೇ ಉಳಿಸಿದ. ಸಂಜೀವಪ್ಪ ಲಾಕಪ್ಪಿಗೆ ಬಿದ್ದ.

“ಇನ್‌ಸ್ಪೆಕ್ಟ್ರೇ, ಅದು ಉಪಮೆ ಕಣ್ರೀ!” ಎಂದು ಮೇಷ್ಟ್ರು ಗುಡುಗಿದರು.

“ಉಪ್ಮಾನೋ ಇಡ್ಲೀನೋ, ನಂಗೇನ್ರೀ? ಅಂತೆ ಕಂತೆ ಎಲ್ಲಾ ಸಾಕ್ಷಿ ಆಗಲ್ಲ. ಅವ್ನು ಬಣವೆ ಹತ್ರ ಓಡಾಡ್ತಿದ್ನಂತೆ, ಅಷ್ಟು ಸಾಕು.”

“ಓಹೋ! ನಿಮ್ಮ ಅಂತೆ ಸಾಕ್ಷಿ, ನಮ್ಮ ಅಂತೆ ಬರೀ ಕಂತೆಯಾ?” ಮೇಷ್ಟ್ರು ಮೇಜು ಗುದ್ದಿದರು.

“ಕತ್ತೆಯಂತೆ ಅರಚ್ಬೇಡ್ರೀ!”

“ಬರ್ಕೊಳ್ಳಿ! ಅದ್ರಲ್ಲೂ ಅಂತೆ ತೆಗೆದ್ಬಿಡಿ. ಠಾಣೇಲಿ ಒಂದು ಕತ್ತೇನ ಹಿಡಿದಿದ್ದೀವಿ ಅಂತ ಕೋರ್ಟಿಗೆ ಹೇಳಿ!”

ಬಾಗಿಲಲ್ಲಿದ್ದ ಪೇದೆ ಕಿಸಕ್ಕನೆ ನಕ್ಕುಬಿಟ್ಟ. ಆ ನಗುವಿಗೇ ಕೆರಳಿದ ಇನ್‌ಸ್ಪೆಕ್ಟರು ಮೇಷ್ಟ್ರನ್ನೂ ಒಳಗೆ ತಳ್ಳಿಸಿದರು.

ಸಂಜೀವಪ್ಪ ದಡಬಡಿಸಿ ಎದ್ದ. “ಬಿಡಿಸೋಕ್ ಬಂದು ನೀವೂ ಸಿಕ್ಹಾಕ್ಕೊಂಡ್ರಾ ಮೇಷ್ಟ್ರೇ?”

ಮೇಷ್ಟ್ರು ಇನ್ನೂ ಕುದಿಯುತ್ತಲೇ ಇದ್ದರು. “ತಪ್ಪು ನಿಂದೇ ಕಣೋ! ಮುಂದಿನ ಸಲ ‘ಈ ಆಳ್ವಿಕೆಯೇ ಒಣಹುಲ್ಲು’ ಅಂತ ರೂಪಕ ಬರಿ. ಅದ್ರಲ್ಲಿ ಈ ಕಳ್ಳರಿಗೆ ಕದಿಯೋಕೆ ಅಂತೆ ಇರಲ್ಲ!”