ಭೂಕಂಪವೂ ನಾಲ್ಕನೇ ಜ್ವರದ ಹುಳುಗಳೂ

ಜ್ವಾಲಾಮುಖಿಯನ್ನು ನಾನು ಕಣ್ಣಾರೆ ಕಂಡಿಲ್ಲ, ಒಲೆಯ ಮೇಲೆ ಹಾಲಿಟ್ಟು ಪೇಪರ್ ಓದುವಾಗ ಕಂಡದ್ದನ್ನು ಬಿಟ್ಟರೆ. ಭೂಕಂಪದ ಅನುಭವವೂ ಇಲ್ಲ. ಆದರೂ ರಾಮನಗರದಿಂದ ಕನಕಪುರಕ್ಕೆ ಹೋಗುವ ದಾರಿಯ ಹಳ್ಳಿಯೊಂದರ ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನದ ಮೇಷ್ಟ್ರಾಗಿ ಪ್ರತಿವರ್ಷ ಎರಡನ್ನೂ ನಮ್ಮೂರಿನ ಸುದ್ದಿಯೆಂಬಂತೆ ವರ್ಣಿಸುತ್ತೇನೆ. ಮಕ್ಕಳು ಒಳ್ಳೆಯವರು. "ನೀವು ನೋಡಿದ್ದೀರಾ ಸಾ?" ಎಂದು ಈವರೆಗೆ ಯಾರೂ ಕೇಳಿಲ್ಲ.

ನಮ್ಮ ಸೀಮೆಯಲ್ಲಿ ಈ ಪಾಠ ಮಾಡುವುದು ಸುಲಭವಲ್ಲ. ಕಿಟಕಿಯಾಚೆ ಕಣ್ಣು ಹಾಯಿಸಿದರೆ ಬರೀ ಬಂಡೆ. ಭೂಮಿಯೊಳಗೆ ಕರಗಿದ್ದ ಕಲ್ಲು ಮೇಲೆ ಬರಲಾರದೆ ಅಲ್ಲೇ ನಿಧಾನವಾಗಿ ಆರಿ ಗಟ್ಟಿಯಾಗಿ, ಸುಮಾರು ಇನ್ನೂರೈವತ್ತು ಕೋಟಿ ವರ್ಷದಿಂದ ಹೀಗೇ ಕೂತಿದೆ. ಅಂಥದರ ಎದುರು ಕೂತ ಮಕ್ಕಳಿಗೆ, ನೀವು ಕೂತಿರುವ ನೆಲ ಚಲಿಸುತ್ತಿದೆ ಎಂದರೆ ಹೇಗೆ ನಂಬಬೇಕು? ಉಗುರು ಬೆಳೆಯುವಷ್ಟು ನಿಧಾನವಾಗಿ ಎಂದೆ. ಎಲ್ಲರೂ ತಂತಮ್ಮ ಉಗುರು ನೋಡಿಕೊಂಡರು.

ಕೊನೆಗೆ ಬಿಡದಿಯಿಂದ ತಟ್ಟೆ ಇಡ್ಲಿ ಕಟ್ಟಿಸಿಕೊಂಡು ಹೋದೆ. ಅಗಲ ಪಾತ್ರೆಯಲ್ಲಿ ಸಾಂಬಾರು ಸುರಿದು, ಎರಡು ಇಡ್ಲಿ ತೇಲಿಬಿಟ್ಟು, ಒಂದು ಭಾರತ, ಇನ್ನೊಂದು ಏಷ್ಯಾ ಎಂದು ಪರಸ್ಪರ ಒತ್ತಿದೆ. ಅಂಚು ಉಬ್ಬಿ ಹಿಮಾಲಯ ಏಳಬೇಕಿತ್ತು. ಭಾರತ ನೆನೆದು ಮುಳುಗಿತು. ಉಳಿದ ಏಷ್ಯಾವನ್ನು ಹಿಂದಿನ ಬೆಂಚಿನವರು ಹಂಚಿಕೊಂಡು ತಿಂದರು. ಪಾಠ ಅರ್ಥವಾಯಿತು ಎಂದು ಎಲ್ಲರೂ ಒಂದೇ ದನಿಯಲ್ಲಿ ಹೇಳಿದರು.

ಅದೇ ಹುಮ್ಮಸ್ಸಿನಲ್ಲಿ ಒಂದು ದಿನ ಭೂಕಂಪದ ಅಭ್ಯಾಸವನ್ನೂ ಇಟ್ಟುಕೊಂಡೆ. ನಾನು ಸೀಟಿ ಊದಿದರೆ ನೆಲ ನಡುಗಿತೆಂದು ಲೆಕ್ಕ. ಮೊದಲು ಬೆಂಚಿನಡಿ ಕೂರಬೇಕು, ಆಮೇಲೆ ಮೈದಾನಕ್ಕೆ ಬರಬೇಕು. "ನಿಜವಾಗಿ ಬಂದರೆ ಏನು ಮಾಡುತ್ತೀರೋ ಅದನ್ನೇ ಮಾಡಿ" ಎಂದು ಒತ್ತಿ ಹೇಳಿದ್ದೆ. ಸೀಟಿ ಊದಿದೆ. ಮಕ್ಕಳು ಚೆನ್ನಾಗಿಯೇ ಮಾಡಿದರು. ಆದರೆ ಮೈದಾನದಲ್ಲಿ ತಲೆ ಎಣಿಸಿದರೆ ಒಂದು ಕಡಿಮೆ. ಪವಿತ್ರ ಇಲ್ಲ. ನಾನು ಹೇಳಿದ್ದನ್ನೆಲ್ಲ ಅಕ್ಷರಶಃ ನಂಬುವ ಹುಡುಗಿ ಅವಳು.

"ಮನೆ ಕಡೆ ಓಡೋದ್ಲು ಸಾ" ಎಂದಳು ಅವಳ ಗೆಳತಿ.

ಮಕ್ಕಳನ್ನು ಡ್ರಿಲ್ ಮೇಷ್ಟ್ರಿಗೆ ಒಪ್ಪಿಸಿ, ಶಾಲೆಯ ಹಿಂದಿನ ಹಿಪ್ಪುನೇರಳೆ ತೋಟ ದಾಟಿ, ನನ್ನ ಹೊಟ್ಟೆಗೂ ಮಂಡಿಗೂ ಒಗ್ಗದ ವೇಗದಲ್ಲಿ ಓಡಿದೆ. ಪವಿತ್ರ ಕ್ಷೇಮವಾಗಿದ್ದಳು. ಮನೆಯೊಳಗಿದ್ದ ರೇಷ್ಮೆ ಹುಳುಗಳ ಬಿದಿರ ತಟ್ಟೆಗಳನ್ನು ಒಂದೊಂದಾಗಿ ಹೊತ್ತು ತಂದು ಹೊಂಗೆ ಮರದಡಿ ಸಾಲಾಗಿ ಇಟ್ಟಿದ್ದಳು. ಪಕ್ಕದಲ್ಲಿ ಅವಳ ಅಜ್ಜಿ ತಲೆ ಮೇಲೆ ಕೈ ಹೊತ್ತು ನಿಂತಿದ್ದರು.

"ಮೇಷ್ಟ್ರು ಹೇಳವ್ರೆ ಅಂತ ಎಲ್ಲಾನೂ ಆಚೆ ತಂದು ಮಡಗವ್ಳೆ. ನಾಲ್ಕನೇ ಜ್ವರ ಎದ್ದಿರೋ ಹುಳ ಕಣಪ್ಪ. ಊಜಿ ನೊಣ ಕೂತ್ರೆ ಬೆಳೆನೇ ಓಯ್ತು."

ಹುಳು ಪೊರೆ ಕಳಚುವುದನ್ನು ನಮ್ಮಲ್ಲಿ ಜ್ವರ ಎನ್ನುತ್ತಾರೆ. ನಾಲ್ಕನೆಯದು ಮುಗಿಸಿ ಎದ್ದ ಹುಳು ಗಬಗಬ ಸೊಪ್ಪು ತಿಂದು ಕೆಲವೇ ದಿನಗಳಲ್ಲಿ ಗೂಡು ಕಟ್ಟಬೇಕು. ಅಷ್ಟರಲ್ಲಿ ಊಜಿ ನೊಣ ಅದರ ಮೈಮೇಲೆ ಮೊಟ್ಟೆ ಇಟ್ಟರೆ ಅಷ್ಟು ದಿನದ ದುಡಿಮೆ ಮಣ್ಣುಪಾಲು.

"ಏನಮ್ಮ ಇದು?" ಎಂದೆ ಏದುಸಿರು ಬಿಡುತ್ತ.

"ನೀವೇ ಅಭ್ಯಾಸ ಅಂದ್ರಲ್ಲ ಸಾ. ನಾನು ಓಡ್ತೀನಿ. ಹುಳ ಓಡ್ತವಾ?"

ನಮ್ಮ ನೆಲ ಹಳೆಯದು, ಗಟ್ಟಿಯಾದದ್ದು, ಇಲ್ಲಿ ದೊಡ್ಡ ಭೂಕಂಪದ ಸಂಭವ ಬಹಳ ಕಡಿಮೆ ಎಂದೆಲ್ಲ ಹೇಳಿದೆ.

"ಬರೋದೇ ಇಲ್ಲ ಅನ್ನಿ ಸಾ, ಈಗ್ಲೇ ಒಳಗ್ ಮಡಗ್ತೀನಿ."

"ಬರಾಕಿಲ್ಲ ಅಂತ ಒಂದ್ ಮಾತು ಹೇಳ್ಬುಡಿ ಮೇಷ್ಟ್ರೇ" ಎಂದರು ಅಜ್ಜಿ.

ಒಂದು ಸಣ್ಣ ಸುಳ್ಳು ಸಾಕಿತ್ತು. ಆದರೆ ನನ್ನ ಒಂದು ಮಾತಿಗೆ ಇಡೀ ಮನೆಯನ್ನೇ ಆಚೆ ಹೊತ್ತು ತರುವವಳಿಗೆ ಸುಳ್ಳು ಹೇಳಲು ನಾಲಿಗೆ ಹೊರಳಲಿಲ್ಲ. ಅಷ್ಟರಲ್ಲಿ ತಟ್ಟೆಗಳ ಮೇಲೆ ನೊಣವೊಂದು ಸುತ್ತತೊಡಗಿತು.

"ಬರೋದೇ ಇಲ್ಲ ಅನ್ನೋಕಾಗಲ್ಲ ಕಣಮ್ಮ. ಆದರೆ ಭೂಕಂಪ ಯಾವತ್ತು ಬರುತ್ತೋ ಗೊತ್ತಿಲ್ಲ. ನೊಣ ಈಗಾಗಲೇ ಬಂದಿದೆ."

ಪವಿತ್ರ ನೊಣವನ್ನು ನೋಡಿದಳು, ನನ್ನನ್ನು ನೋಡಿದಳು, ತಟ್ಟೆ ಎತ್ತಿಕೊಂಡಳು. ನಾನೂ ಒಂದನ್ನು ಎತ್ತಿದೆ. ಬಾಗಿಲಲ್ಲಿ ಅಜ್ಜಿ ತಡೆದು, ಮೆಟ್ಟು ಬಿಡಿಸಿ, ಹುಳುಗಳಿಗೆ ಸೋಂಕು ತಗಲದಿರಲೆಂದು ಬ್ಲೀಚಿಂಗ್ ನೀರಿನಲ್ಲಿ ಕಾಲದ್ದಿಸಿಯೇ ಒಳಗೆ ಬಿಟ್ಟರು. ಕೊನೆಯ ತಟ್ಟೆ ಒಳಗೆ ಸೇರಿದ ಮೇಲೂ ಹುಡುಗಿಗೆ ಸಮಾಧಾನವಿರಲಿಲ್ಲ.

"ನಿಜವಾಗ್ಲೂ ಬಂದ್ರೆ?"

"ಬಂದ್ರೆ ನೀನು ಓಡು" ಎಂದರು ಅಜ್ಜಿ, ಸೊಪ್ಪು ಹರಡುತ್ತ. "ಹುಳ ಇನ್ನೊಂದ್ ಬೆಳೆಗೆ ತರ್ಬೋದು. ನಿನ್ನ ಎಲ್ಲಿಂದ ತರಾನ?"

ಅಷ್ಟು ವರ್ಷ ಪಾಠ ಮಾಡಿಯೂ ಈ ವಾಕ್ಯ ನನಗೆ ಹೊಳೆದಿರಲಿಲ್ಲ.

ಮರುದಿನ ತರಗತಿಯಲ್ಲಿ ಪುಸ್ತಕ ತೆರೆಯುವ ಮೊದಲು, ನೆಲ ನಡುಗಿದರೆ ನಿಮ್ಮ ಮನೆಯಲ್ಲಿ ಓಡಲಾರದವರು ಯಾರ್ಯಾರು ಎಂದು ಕೇಳಿದೆ. ಮಂಚ ಹಿಡಿದ ತಾತ, ಬಾಣಂತಿ ಅಕ್ಕ, ಕಟ್ಟಿ ಹಾಕಿದ ಎಮ್ಮೆ, ಕಾವಿಗೆ ಕೂತ ಕೋಳಿ. ಅವರನ್ನು ಯಾರು, ಹೇಗೆ ಆಚೆ ತರಬೇಕು ಎಂದು ಚರ್ಚೆ ಸಾಗಿತು, ಬೋರ್ಡು ತುಂಬುತ್ತ ಬಂತು. ಪವಿತ್ರ ಹಿಂದಿನಿಂದ ಕೈ ಎತ್ತಿದಳು.

"ಸಾ, ನಿನ್ನೆ ನೀವು ಓಡಿ ಬಂದಿದ್ನ ನಾನ್ ನೋಡಿವ್ನಿ. ನಿಮ್ ಹೆಸ್ರೂ ಬರ್ಕೊಳ್ಳಿ. ನಾವು ಕರ್ಕೊಂಡ್ ಬತ್ತೀವಿ."

ತರಗತಿ ನಗುತ್ತಿರುವಾಗ, ಎಮ್ಮೆಗೂ ಕೋಳಿಗೂ ನಡುವೆ ಸ್ವಲ್ಪ ಜಾಗ ಮಾಡಿಕೊಂಡು, ನನ್ನ ಹೆಸರು ಬರೆದೆ.