ಬೀಡಿ ಸೇದದ ಚಿಕ್ಕಮ್ಮನ ಕೆಮ್ಮು

"ಎಷ್ಟು ವರ್ಷದಿಂದ ಬೀಡಿ ಸೇದ್ತಿದ್ದೀರಮ್ಮಾ?"

ಹಿಂದೂಪುರದ ಡಾಕ್ಟರೊಬ್ಬರು ನಮ್ಮ ಚಿಕ್ಕಮ್ಮನಿಗೆ ಕೇಳಿದ ಪ್ರಶ್ನೆ ಇದು. ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು, ಅವಳ ಮುಖ ಕೂಡ ನೋಡದೆ ಕೇಳಿಬಿಟ್ಟರು. ನನಗೆ ನಗು ತಡೆಯಲಾಗಲಿಲ್ಲ. ನಮ್ಮ ನಾಗಲಕ್ಷ್ಮಮ್ಮ ಚಿಕ್ಕಮ್ಮ ಯಾರು ಅಂದುಕೊಂಡಿರಿ? ಪಕ್ಕದ ಸೀಟಿನವನು ಬೀಡಿ ಹಚ್ಚಿದರೆ ಜಗಳ ಆಡಿ ಬಸ್ಸನ್ನೇ ನಿಲ್ಲಿಸುವ ಹೆಂಗಸು.

"ನಾನಾ? ಬೀಡಿನಾ? ಏನ್ ಮಾತು ಅಂತ ಆಡ್ತೀರಿ ಡಾಕ್ಟ್ರೇ!" ಅಂದಳು. ಮುಂದಿನ ಮಾತಿಗೆ ಉಸಿರು ಸಾಲಲಿಲ್ಲ. ಕೆಮ್ಮು ಒತ್ತರಿಸಿಕೊಂಡು ಬಂತು. ಕೆಮ್ಮಿ ಕೆಮ್ಮಿ ಅವಳ ಕಣ್ಣಲ್ಲಿ ನೀರು ಬಂದಾಗ ನನ್ನ ನಗು ನಿಂತಿತು.

ಡಾಕ್ಟರು ಬಿಡಲಿಲ್ಲ. ಸೌದೆ ಒಲೆಯಾ? ಅಲ್ಲ, ಗ್ಯಾಸು. ಮನೆಯಲ್ಲಿ ಬೇರೆ ಯಾರಾದರೂ ಸೇದ್ತಾರಾ? ಇಲ್ಲ. "ಮತ್ತೆ ಈ ಹೊಗೆ ಎಲ್ಲಿಂದ ಬಂತಮ್ಮಾ? ಅದು ನಿಲ್ಲದೆ ನನ್ನ ಔಷಧಿ ಏನೂ ಮಾಡಲ್ಲ" ಎಂದರು.

"ಟವರ್‌ದು" ಅಂದಳು ಚಿಕ್ಕಮ್ಮ.

ಡಾಕ್ಟರು ನನ್ನ ಮುಖ ನೋಡಿದರು. ನಾನು ಅವರ ಮುಖ ನೋಡಿದೆ. ಸೆಲ್ ಟವರ್‌ನಿಂದ ಹೊಗೆ ಬರುತ್ತದೆಯೇ?

ಬರುತ್ತದೆ ಸ್ವಾಮಿ. ಮರುದಿನ ಅವಳನ್ನು ಅವಳ ಊರು ಕಲ್ಯಾಣದುರ್ಗಕ್ಕೆ ಬಿಡಲು ಹೋದವನು ಕಣ್ಣಾರೆ ಕಂಡೆ.

ಚಿಕ್ಕಮ್ಮನದು ರೇಷ್ಮೆ ಸೀರೆಗಳಿಗೆ ಕುಚ್ಚು ಕಟ್ಟುವ ಕೆಲಸ. ಅದಕ್ಕೆ ಒಳ್ಳೆ ಬೆಳಕು ಬೇಕು. ಹಾಗಾಗಿ ಅವಳ ದಿನವೆಲ್ಲ ಕಳೆಯುವುದು ಕಿಟಕಿಯ ಪಕ್ಕದಲ್ಲಿ. ಕಿಟಕಿಯಾಚೆ ಒಂದು ಸಣ್ಣ ಸಂದಿ, ಸಂದಿಯಾಚೆ ಮೂರು ಮಹಡಿಯ ಕಟ್ಟಡ. ಅದರ ನೆತ್ತಿಯ ಮೇಲೆ ಟವರ್. ಕೆಳಗೆ, ಸಂದಿಯಲ್ಲಿ, ಆ ಟವರ್‌ನ ಡೀಸೆಲ್ ಜನರೇಟರ್. ಅದರ ಹೊಗೆ ಕೊಳವೆ ನೆಟ್ಟಗೆ ಚಿಕ್ಕಮ್ಮನ ಕಿಟಕಿಗೆ ಮುಖ ಮಾಡಿ ನಿಂತಿದೆ.

ಬೇಸಿಗೆಯಲ್ಲಿ ಅಲ್ಲಿ ಕರೆಂಟ್ ಹೋಗುವುದಕ್ಕೆ ಹೊತ್ತು ಗೊತ್ತು ಇಲ್ಲ. ನಾನು ಕಾಫಿ ಲೋಟ ಕೈಗೆ ತೆಗೆದುಕೊಂಡಾಗಲೇ ಹೋಯಿತು. ಸ್ವಲ್ಪ ಹೊತ್ತಿಗೆ ಗಡಗಡ ಸದ್ದು. ತಲೆಯ ಮೇಲಿನ ಫ್ಯಾನ್ ತಿರುಗತೊಡಗಿತು.

"ಕರೆಂಟ್ ಬಂತಲ್ಲ ಚಿಕ್ಕಮ್ಮ!"

"ಕರೆಂಟಲ್ಲ ಕಣಪ್ಪ, ಟವರ್ ಲೈನು. ಜನ್ರೇಟ್ರು ಹಾಕಿದ್ರೆ ಬೀದಿ ಮನೆಗೆಲ್ಲ ಒಂದು ಫ್ಯಾನು, ಒಂದು ಲೈಟು ಫ್ರೀ. ಆ ಬಿಲ್ಡಿಂಗ್ ಓನರು ಲೈನ್ ಎಳದು ಕೊಟ್ಬುಟ್ಟವ್ನೆ."

ಪುಣ್ಯಾತ್ಮ ಅಂದುಕೊಳ್ಳುವಷ್ಟರಲ್ಲಿ ಕಿಟಕಿಯಿಂದ ಕಪ್ಪು ಹೊಗೆ ಒಳಗೆ ನುಗ್ಗಿತು. ಫ್ಯಾನು ಅದನ್ನು ಚೆನ್ನಾಗಿ ಕಲಸಿ ಮನೆ ತುಂಬ ಹಂಚಿತು. ಚಿಕ್ಕಮ್ಮ ಸೆರಗಿನಿಂದ ಮೂಗು ಮುಚ್ಚಿಕೊಂಡು, ಮೊದಲು ಸೀರೆಗಳ ಮೇಲೆ ಬಟ್ಟೆ ಹೊದಿಸಿದಳು. (ಬಿಳಿ ರೇಷ್ಮೆ ಮಸಿ ಹಿಡಿದರೆ ಸೀರೆಯವರು ಸುಮ್ಮನಿರುತ್ತಾರಾ?) ಆಮೇಲೆ ಕೆಮ್ಮಲು ಕೂತಳು.

"ಕಿಟಕಿ ಹಾಕಬಾರದಾ?"

"ಹಾಕಿದ್ರೆ ಕತ್ಲು. ಕುಚ್ಚು ಹೆಂಗ್ ಕಟ್ಲಿ? ಊಟ ಹೆಂಗ್ ಮಾಡ್ಲಿ?"

ನನಗೆ ಮೈ ಉರಿದುಹೋಯಿತು. ಇಷ್ಟು ಜನ ಇರುವ ಬೀದಿ. ಒಬ್ಬರಾದರೂ ಬಾಯಿ ಬಿಟ್ಟಿಲ್ಲವೇ?

ಬಿಟ್ಟಿದ್ದಾರೆ! ಬೀದಿಯಲ್ಲಿ ಟವರ್ ವಿರೋಧಿ ಸಮಿತಿಯೇ ಇದೆ. ಅದರ ಅಧ್ಯಕ್ಷ ರಾಮಾಂಜಿ ಎದುರು ಮನೆಯವನು. ಬಾಗಿಲಲ್ಲಿ ಬನಿಯನ್ ತೊಟ್ಟು, ಮೊಮ್ಮಗುವನ್ನು ಮಡಿಲಲ್ಲಿ ಕೂರಿಸಿಕೊಂಡು, ಅದೇ ಟವರ್ ಲೈನಿನ ಫ್ಯಾನಿನ ಕೆಳಗೆ ಕೂತಿದ್ದ. ನಾನು ಬಾಯಿ ತೆಗೆಯುವ ಮೊದಲೇ ಶುರು ಮಾಡಿದ.

"ರೇಡಿಯೇಶನ್ ಸಾರ್! ಶಾನಾ ಡೇಂಜರು. ಧರಣಿ ಮಾಡಿದ್ವಿ, ರಸ್ತೆ ಮೇಲೆ ಕೂತ್ವಿ. ಆಫೀಸರ್ಲು ಮೀಟ್ರು ತಂದು ಅಳದ್ರು. ಅಂತಾ ಲಿಮಿಟ್‌ಲೋನೇ ಉಂದಿ, ಎಲ್ಲಾ ಲಿಮಿಟ್ ಒಳಗೇ ಐತೆ ಅಂದ್ಬುಟ್ಟು ಹೋದ್ರು. ನಾವು ಬಿಡ್ತೀವಾ?"

"ಅವ್ರು ಅಳೀವಾಗ ಜನ್ರೇಟ್ರು ಓಡ್ತಿತ್ತು ಕಣಪ್ಪ" ಅಂದಳು ಹಿಂದೆಯೇ ಬಂದಿದ್ದ ಚಿಕ್ಕಮ್ಮ. "ಆ ಆಫೀಸರು ಒಂದ್ ಕೈಯಾಗೆ ಮೀಟ್ರು, ಇನ್ನೊಂದ್ ಕೈಯಾಗೆ ಮೂಗಿಗೆ ಕರ್ಚೀಫು ಹಿಡ್ಕಂಡಿದ್ದ."

ಹೇಗಿದೆ ನೋಡಿ! ಮೂಗಿಗೆ ಕರ್ಚೀಫು ಹಿಡಿದುಕೊಂಡೇ ಇಲ್ಲಿ ಏನೂ ಅಪಾಯವಿಲ್ಲ ಎಂದು ಹೇಳಿ ಜೀಪು ಹತ್ತಿದ್ದಾರೆ. ರೇಡಿಯೇಶನ್ ಬಗ್ಗೆ ಮಾತಾಡಲು ನಾನು ವಿಜ್ಞಾನಿಯಲ್ಲ. ತಿಳಿದವರು ಅಳೆಯಲಿ, ಜನರ ಭಯಕ್ಕೆ ಸರಿಯಾಗಿ ಉತ್ತರ ಕೊಡಲಿ. ಬೇಡ ಅಂದವರು ಯಾರು? ಆದರೆ ಡೀಸೆಲ್ ಹೊಗೆ ಎದೆಗೆ ಒಳ್ಳೆಯದಲ್ಲ ಅನ್ನಲು ಯಾವ ಮೀಟರ್ ಬೇಕು? ಚಿಕ್ಕಮ್ಮನ ಕಿಟಕಿಯ ಮಸಿ ಹಿಡಿದ ಪರದೆ ನೋಡಿದರೆ ಸಾಲದೇ?

"ಆ ಪೈಪನ್ನು ಮಹಡಿ ದಾಟಿಸಿ ಮೇಲಕ್ಕೆ ಎತ್ತಿಸಿ ಅಂತ ಕೇಳ್ರಪ್ಪಾ. ಅಷ್ಟೇ ತಾನೇ?" ಅಂದೆ ರಾಮಾಂಜಿಗೆ.

ಅವನು ಆಚೀಚೆ ನೋಡಿ ದನಿ ತಗ್ಗಿಸಿದ. "ಹೊಗೆದು ಏನೈತೆ ಸಾರ್? ನಮ್ಮಮ್ಮ ಬದುಕಿರೋಗಂಟ ಒಲೆ ಊದಿದ್ಲು. ಪೈಪು ಗೀಪು ಅಂತ ಕಿರಿಕ್ ಮಾಡಿದ್ರೆ ಆ ಓನರು ಲೈನ್ ಕಟ್ ಮಾಡ್ತಾನೆ. ಈ ಸೆಕೆಗೆ ಮಕ್ಳು ಮರಿ ಏನಾಗ್ಬೇಕು?"

ಅರ್ಥವಾಯಿತಲ್ಲ? ರೇಡಿಯೇಶನ್ ಬೈದರೆ ಯಾರ ಫ್ಯಾನೂ ನಿಲ್ಲುವುದಿಲ್ಲ. ಹೊಗೆ ಬೈದರೆ ನಿಲ್ಲುತ್ತದೆ. ಅದಕ್ಕೇ ಕಣ್ಣಿಗೆ ಕಾಣದ್ದರ ವಿರುದ್ಧ ಧರಣಿ, ಕಣ್ಣು ಉರಿಸುವುದರ ಬಗ್ಗೆ ಗಪ್‌ಚುಪ್. ಆ ಓನರ್ ಬಹಳ ಜಾಣ. ಒಂದೊಂದು ಫ್ಯಾನು ಕೊಟ್ಟು ಇಡೀ ಬೀದಿಯ ಬಾಯಿ ಹೊಲಿದಿದ್ದಾನೆ. ರಾಮಾಂಜಿಯ ಮೇಲೆ ಸಿಟ್ಟು ಬಂತು, ನಿಜ. ಆದರೆ ಸೆಕೆಯಲ್ಲಿ ಅಳುವ ಮಗುವನ್ನು ಮಡಿಲಲ್ಲಿಟ್ಟುಕೊಂಡವರಿಗೆ ಇಂಥ ಆಯ್ಕೆ ಕೊಟ್ಟವರ ಮೇಲೆ ಅದರ ಹತ್ತರಷ್ಟು ಬಂತು.

ಸರಿ, ನಾನೇ ನೋಡುತ್ತೇನೆ ಅಂತ ಹೊರಟೆ. ಕಂಪನಿಗೆ ಫೋನ್ ಮಾಡಿದರೆ, ಟವರ್ ಮಾತ್ರ ನಮ್ಮದು, ಜನರೇಟರ್ ಕಂಟ್ರಾಕ್ಟರದು ಎಂದರು. ಕಂಟ್ರಾಕ್ಟರ್, ಜಾಗ ತೋರಿಸಿದ್ದು ಓನರು ಎಂದ. ಓನರು ನಗುತ್ತಾ ಕೂರಿಸಿ ಟೀ ಕೊಟ್ಟು, "ನಿಮ್ ಚಿಕ್ಕಮ್ಮನಿಗೆ ಇನ್ನೊಂದು ಫ್ಯಾನಿಗೆ ಲೈನ್ ಕೊಡ್ಲಾ?" ಎಂದ. ಇನ್ನು ಮುನಿಸಿಪಲ್ ಆಫೀಸಿನಲ್ಲಿ? "ಒಬ್ಬರಿಗೆ ಆಗದಿದ್ದರೆ ಅದು ಅವರ ಆರೋಗ್ಯದ ಸಮಸ್ಯೆ. ಬೀದಿಯವರೆಲ್ಲ ಬಂದು ಹೇಳಲಿ, ನೋಡೋಣ." ಒಂದು ಉದ್ದ ಕೊಳವೆ, ಒಬ್ಬ ವೆಲ್ಡರ್, ಅರ್ಧ ದಿನದ ಕೆಲಸ. ಅದನ್ನು ಮಾಡಿಸಬೇಕಾದವರು ಈ ದೇಶದಲ್ಲಿ ಯಾರೂ ಇಲ್ಲ! ಬೀದಿಯವರ ಬಾಗಿಲು ಬಾಗಿಲಿಗೂ ಹೋದೆ. ಎಲ್ಲರೂ ಚಿಕ್ಕಮ್ಮನನ್ನು ಕಂಡು ಅಯ್ಯೋ ಪಾಪ ಅಂದರು. ಆಫೀಸಿಗೆ ಬರಲು ಒಬ್ಬರೂ ಏಳಲಿಲ್ಲ.

ಕೊನೆಗೆ ಚಿಕ್ಕಮ್ಮನೇ ಎದ್ದಳು. ಕುಚ್ಚು ಹಾಕಬೇಕಾದ ಸೀರೆಗಳನ್ನು ಗಂಟು ಕಟ್ಟಿಕೊಂಡು ನನ್ನ ಜೊತೆ ಹಿಂದೂಪುರಕ್ಕೆ ಬಂದುಬಿಟ್ಟಳು. ಈಗ ನಮ್ಮ ಮನೆಯ ಕಿಟಕಿಯ ಪಕ್ಕ ಕೂತು ಕುಚ್ಚು ಕಟ್ಟುತ್ತಾಳೆ. ಕೆಮ್ಮು ಕಮ್ಮಿಯಾಗಿದೆ. ಆದರೆ ಸೀರೆ ಕೊಡುವವರೆಲ್ಲ ಕಲ್ಯಾಣದುರ್ಗದವರು. ಎಷ್ಟು ದಿನ ಅಂತ ಇಲ್ಲಿಗೆ ಕಳಿಸುತ್ತಾರೆ? ಉಸಿರು ಬೇಕೋ ಕೆಲಸ ಬೇಕೋ ಎಂದು ಒಬ್ಬ ದುಡಿಯುವ ಹೆಂಗಸನ್ನು ಕೇಳುವುದು ಯಾವ ನ್ಯಾಯ?

ಮೊನ್ನೆ ರಾಮಾಂಜಿಯ ಫೋನ್ ಬಂತು. ಚಿಕ್ಕಮ್ಮನ ಕೈಯಲ್ಲಿ ಕುಚ್ಚು. ಹಾಗಾಗಿ ಸ್ಪೀಕರ್ ಹಾಕಿದೆ.

"ಅಕ್ಕಾ, ಭಾನುವಾರ ಟೀವಿಯೋರು ಬತ್ತಾರೆ. ನೀನು ಬಂದೇ ಬರ್ಬೇಕು. ನಿನ್ನಷ್ಟು ಕೆಮ್ಮೋರು ನಮ್ ಬೀದೀಲಿ ಯಾರವ್ರೆ? ಕ್ಯಾಮ್ರಾ ಮುಂದೆ ಜೋರಾಗಿ ಕೆಮ್ಮಿ, ರೇಡಿಯೇಶನ್ನಿಂದ ಹಿಂಗಾಯ್ತು ಅನ್ನು. ಹೊಗೆ ಅಂತ ಮಾತ್ರ ಅನ್ಬೇಡ ಕಣಕ್ಕಾ."

ನನಗೆ ರಕ್ತ ಕುದಿಯಿತು. ಫೋನಿಗೆ ಕೈ ಹಾಕಿದೆ. ಚಿಕ್ಕಮ್ಮ ಕಣ್ಣಲ್ಲೇ ತಡೆದಳು.

"ಬತ್ತೀನಿ ಕಣಪ್ಪ, ಯಾಕ್ ಬರಲ್ಲ? ಜನ್ರೇಟ್ರು ಹಾಕ್ಸು. ಟೀವಿಯೋರ್ನ ನಮ್ ಕಿಟಕಿ ತಾವ್ಲೇ ಕೂರ್ಸು. ನೀನೂ ನಿನ್ ಮೊಮ್ಮಗೂನ ಎತ್ಕಂಡು ನನ್ ಪಕ್ಕದಾಗೆ ಕೂತ್ಕಾ. ಎಲ್ರೂ ಸೇರ್ಕಂಡೇ ಕೆಮ್ಮಾನ."

ಆ ಕಡೆ ಲೈನ್ ಕಟ್ಟಾಯಿತು. ಹಲೋ, ಹಲೋ ಅಂದೆ. ಸಿಗ್ನಲ್ ಮಾತ್ರ ಫುಲ್ ಇತ್ತು.