ಭಾನುಪ್ರಿಯಾ ಗೊತ್ತುಮಾಡಿಕೊಂಡ ಗುರು

ಕಿಬ್ಬನಹಳ್ಳಿಯ ಮಂಡಿಯಲ್ಲಿ ಹನ್ನೆರಡು ವರ್ಷ ಕೊಬ್ಬರಿ ಒಡೆದ ಭಾನುಪ್ರಿಯಾಳ ಹೆಸರು ಒಂದೇ ಮಧ್ಯಾಹ್ನದಲ್ಲಿ ಕೆಟ್ಟಿತು. ವರ್ಷದುದ್ದಕ್ಕೂ ಅಟ್ಟದ ಮೇಲೆ ಒಣಗಿದ ಕಾಯಿಯ ಚಿಪ್ಪನ್ನು ಮಚ್ಚಿನಿಂದ ಸುತ್ತಲೂ ತಟ್ಟಿ, ಒಳಗಿನ ಉಂಡೆಯನ್ನು ಬಿರಿಯದಂತೆ ತೆಗೆಯುವುದು ಅವಳ ಕೆಲಸ. ಅಂದು ಮೇಸ್ತ್ರಿ ಬಾಲರಾಜು ಆತುರಕ್ಕೆ ಹಸಿ ಉಳಿದ ಕಾಯಿಗಳನ್ನೂ ಇಳಿಸಿದ್ದ. ಕೊಬ್ಬರಿ ಚಿಪ್ಪಿಗೆ ಅಂಟಿ ಚೂರುಚೂರಾಯಿತು. ಮಂಡಿಯ ಯಜಮಾನ ಬಸವರಾಜಪ್ಪ ವಿಚಾರಿಸಿದಾಗ ಬಾಲರಾಜು ಎಲ್ಲರೆದುರು ಅಂದ:

"ಕಾಯಿದೇನೂ ತಪ್ಪಿಲ್ಲ ಕಣ್ರೀ. ಈಯಮ್ಮನ ಕೈಯೇ ಹಂಗೆ. ಮನೇಲಿ ಬೆಳ್ಳುಳ್ಳಿ ಸುಲ್ಕೊಂಡಿರ್ಲಿ ಬುಡಿ."

ಎಲ್ಲರೂ ನಕ್ಕರು. ಆಮೇಲೆ ಯಾವ ಮಂಡಿಯೂ ಅವಳ ಕೈಗೆ ಮಚ್ಚು ಕೊಡಲಿಲ್ಲ.

ಊರಿನ ಯುವಕ ಸಂಘ ಪ್ರತಿವರ್ಷ ಪಂದ್ಯ ನಡೆಸುತ್ತಿತ್ತು. ಅರ್ಧ ಗಂಟೆಯಲ್ಲಿ ಹೆಚ್ಚು ಇಡೀ ಉಂಡೆ ತೆಗೆದವರು ಗೆದ್ದಂತೆ. ನಾಲ್ಕು ವರ್ಷದಿಂದ ಗೆಲ್ಲುತ್ತಿದ್ದವನು ಬಾಲರಾಜು. ಅದೇ ಜನರ ಮುಂದೆ ಅವನನ್ನು ಸೋಲಿಸುವ ಹಟ, ಹಲ್ಲುನೋವಿನ ಹಾಗೆ, ಊಟದಲ್ಲೂ ನಿದ್ದೆಯಲ್ಲೂ ಅವಳ ಜೊತೆಗಿತ್ತು.

ಕಲಿಸುವವರನ್ನು ಹುಡುಕಿದಳು. ಬಂದವರ ಮುಂದೆಲ್ಲ ಮೂರು ಕಾಯಿ ಇಟ್ಟಳು. ಅದರಲ್ಲಿ ಒಂದು ಹಸಿ. ತಿಪಟೂರಿನ ಜಿಮ್ಮಿನ ಜ್ಞಾನೇಶ್, "ಮೊದ್ಲು ತೋಳಿಗೆ ಶಕ್ತಿ ಬರ್ಬೇಕು ಮೇಡಂ," ಎಂದು ಮೂರನ್ನೂ ಪುಡಿ ಮಾಡಿದ. ಹಿಂದೊಮ್ಮೆ ಪಂದ್ಯ ಗೆದ್ದಿದ್ದ ಕಾಡಸಿದ್ದಪ್ಪ ತನ್ನ ಬಹುಮಾನದ ಕಪ್ಪಿನ ಕಥೆ ಹೇಳುತ್ತ ಹಸಿಯದನ್ನೂ ಒಡೆದು, ಕಾಯಿಯನ್ನೇ ಬೈದ.

ಕೊನೆಗೆ ಬಂದವಳು ಮಾಯಸಂದ್ರದ ರಂಗಕ್ಕ, ಕೊಬ್ಬರಿ ಒಡೆದೇ ಎಪ್ಪತ್ತು ದಾಟಿದವಳು. ಒಂದೊಂದನ್ನೂ ಕಿವಿಯ ಹತ್ತಿರ ಅಲುಗಾಡಿಸಿ, ಮೂರನೆಯದನ್ನು ಹಿಂದಕ್ಕಿಟ್ಟಳು.

"ಇದು ಇನ್ನೂ ಬಾಯ್ ಬಿಟ್ಟಿಲ್ಲ ಕಣೇ. ಎರಡು ತಿಂಗಳು ಅಟ್ಟ ಹತ್ಸು. ನನ್ನೇ ಯಾಮಾರುಸ್ತೀಯಾ?"

"ನಿಮ್ಮನ್ನೇ ಗೊತ್ತುಮಾಡ್ಕೋತೀನಕ್ಕ. ವಾರಕ್ಕೊಂದಿನ ಬನ್ನಿ. ಅರ್ಧ ದಿನದ ಕೂಲಿ, ಬಸ್ ಚಾರ್ಜು ಕೊಡ್ತೀನಿ."

"ಯಾರ ಮೇಲೆ ಹಟ?"

"ಬಾಲರಾಜು."

ರಂಗಕ್ಕ ಎಲೆ ಅಡಿಕೆ ಅಗಿಯುವುದನ್ನು ನಿಲ್ಲಿಸಿದಳು. "ಅವನಿಗೂ ನಾನೇ ಕಲ್ಸಿದ್ದು. ಒಡಿಯೋದು ಕಲ್ತ, ಕೇಳೋದು ಕಲೀನಿಲ್ಲ. ಅಷ್ಟಕ್ಕೇ ಹೊಂಟೋದ."

ಮೊದಲ ತಿಂಗಳು ಮಚ್ಚು ಮುಟ್ಟಗೊಡಲಿಲ್ಲ. ಕಣ್ಣು ಮುಚ್ಚಿ ಕಾಯಿ ಅಲುಗಾಡಿಸಿ, ಒಳಗಿನ ಉಂಡೆ ಎಷ್ಟು ಸಡಿಲವಾಗಿದೆ ಎಂದು ಹೇಳಬೇಕು. ತಪ್ಪಿದರೆ ರಂಗಕ್ಕನ ಗೆಣ್ಣು ಅವಳ ತಲೆಯ ಮೇಲೆ.

ಪಂದ್ಯದ ದಿನ ಬಾಲರಾಜು ಸಿಕ್ಕ ಸಿಕ್ಕದ್ದನ್ನೆಲ್ಲ ಹೊಡೆಯುತ್ತ ಮುಂದೆ ಹೋದ. ಭಾನುಪ್ರಿಯಾ ಪ್ರತಿ ಕಾಯಿಗೂ ಕಿವಿಗೊಟ್ಟು, ಅನುಮಾನ ಬಂದದ್ದನ್ನು ಪಕ್ಕಕ್ಕೆ ಸರಿಸಿದಳು.

"ಒಡಿಯಾಕ್ ಬಂದಿದ್ದೀಯೋ, ಗಿಲಕಿ ಆಡ್ಸಾಕೋ?" ಎಂದು ಯಾರೋ ಕೂಗಿದರು. ಅವಳು ಇನ್ನೊಂದು ಕಾಯಿಯನ್ನು ಕಿವಿಗೆ ಹಿಡಿದಳು.

ಕೊನೆಗೆ ಅವಳ ಬುಟ್ಟಿಯಲ್ಲಿ ಇಡೀ ಉಂಡೆಗಳೇ ಇದ್ದವು. ಅವನದರಲ್ಲಿ ಅರ್ಧಕ್ಕರ್ಧ ಚೂರು. ಇಡೀ ಉಂಡೆಗಳ ಎಣಿಕೆಯಲ್ಲಿ ಅವಳೇ ಗೆದ್ದಳು. ತೀರ್ಪುಗಾರನಾಗಿ ಕುಳಿತಿದ್ದ ಬಸವರಾಜಪ್ಪ ಒಂದು ಚೂರನ್ನೆತ್ತಿ, ಅದರ ಹಸಿಯನ್ನು ಬೆರಳಿಂದ ಒತ್ತಿ ನೋಡಿದ.

"ಅವತ್ತು ಈಯಮ್ಮಂಗೂ ಹಿಂಗೇ ಹಸೀದು ಇಳ್ಸಿಕೊಟ್ಟಿದ್ಯೇನ್ಲಾ?"

ಬಾಲರಾಜು ಮಚ್ಚು ಕೆಳಗಿಟ್ಟು ಜನರ ನಡುವೆ ಸರಿದುಹೋದ. ಮಂಡಿಗೆ ಬಾ ಎಂದು ಭಾನುಪ್ರಿಯಾಳಿಗೆ ಅಲ್ಲೇ ಕರೆ ಬಂತು.

ಅವಳಿಗೆ ಅಷ್ಟು ಸಾಲಲಿಲ್ಲ. ವಾರದೊಳಗೆ ಬಾಲರಾಜು ಬಾಳೆಹಣ್ಣು ಹಿಡಿದು ಮಾಯಸಂದ್ರಕ್ಕೆ ಬಂದಾಗ, ರಂಗಕ್ಕನ ಜಗಲಿಯಲ್ಲಿ ಅವಳು ಮೊದಲೇ ಕೂತಿದ್ದಳು.

"ಅವತ್ತು ಕಲೀದೆ ಉಳಿದಿದ್ದನ್ನೂ ಹೇಳ್ಕೊಡಿ ಅಕ್ಕ," ಎಂದ ಅವನು.

"ಮುಂದಿನ ವರ್ಷದ ಪಂದ್ಯದವರ್ಗೂ ಅಕ್ಕನ್ನ ನಾನು ಗೊತ್ತುಮಾಡ್ಕೊಂಡಿದೀನಿ," ಎಂದಳು ಭಾನುಪ್ರಿಯಾ.

"ಗೆದ್ದಾಯ್ತಲ್ಲ. ನಿಂಗಿನ್ನೇನು ಕಲಿಯೋದೈತೆ?"

"ಏನೂ ಇಲ್ಲ ಕಣಪ್ಪ. ಬಾ, ಮಜ್ಜಿಗೆ ಕುಡ್ದು ಹೋಗು."